ಆಟ ನೋಡದ ಆಟದ ಜನ

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗನೊಬ್ಬ ಕಾಮಿಕ್ ಕಾನ್‌ನಲ್ಲಿ ಸ್ಟಾಲ್ ಹಾಕಿದ್ದ. ತಾನೇ ಬಿಡಿಸಿದ ಚಿತ್ರಗಳ ಸ್ಟಿಕ್ಕರು, ಕೀ ಚೈನು, ಪೋಸ್ಟರು. ಸೋಮವಾರ ಆಫೀಸಿಗೆ ಬಂದವನು ಕಾಲುನೋವು, ಗಂಟಲು ನೋವು ಅಂತ ಶುರು ಮಾಡಿ, "ಅಭಿಮಾನಿಗಳ ಜಾತ್ರೆಯಲ್ಲಿ ವ್ಯಾಪಾರ ಮಾಡೋದು ಅಂದ್ರೆ ಬೇರೇನೇ ಲೋಕ ಗುರು, ನಿಂಗೆ ಗೊತ್ತಾಗಲ್ಲ ಬಿಡು" ಅಂದ. ಎರಡು ದಿನ ಅಲ್ಲೇ ನಿಂತಿದ್ದರೂ ಸ್ಟೇಜಿನ ಮೇಲೆ ಏನು ನಡೆಯಿತು ಅಂತಲೇ ಅವನಿಗೆ ಗೊತ್ತಿಲ್ಲವಂತೆ!

ನನಗೆ ಒಳಗೊಳಗೇ ನಗು. ನನ್ನ ಸೋದರಮಾವ 30 ವರ್ಷಕ್ಕೂ ಮೇಲೆ ಯಕ್ಷಗಾನದ ಆಟಕ್ಕೆ ಹೋಗಿ, ಒಂದೇ ಒಂದು ಆಟವನ್ನೂ ಪೂರ್ತಿ ನೋಡದ ಮನುಷ್ಯ. ಅವರದು ಚರುಮುರಿ ಅಂಗಡಿ. ಅಂಗಡಿ ಅಂದರೆ ನಾಲ್ಕು ಗಾಲಿಯ ಗಾಡಿಯೂ ಅಲ್ಲ. ಒಂದು ಮಡಚುವ ಮೇಜು, ಎರಡು ಡಬ್ಬ, ಒಂದು ಗ್ಯಾಸ್‌ಲೈಟು. ಹೈಸ್ಕೂಲಿನಲ್ಲಿರುವಾಗ ರಜೆ ಬಂದರೆ ನಾನು ಅವರ ನೀರುಳ್ಳಿ ಕೊಚ್ಚುವ ಅಸಿಸ್ಟೆಂಟು :)

ನಮ್ಮೂರು ಸಿದ್ಧಕಟ್ಟೆಯ ಕಡೆ. ಬಂಟ್ವಾಳ ತಾಲೂಕಿನ ಬದಿಯಲ್ಲಿದ್ದೇವೆ. ಒಂದು ಕಡೆ ಹೋದರೆ ಮೂಡುಬಿದಿರೆ, ಇನ್ನೊಂದು ಕಡೆ ಹೋದರೆ ಬೆಳ್ತಂಗಡಿ. ಹಾಗಾಗಿ ಮಾವನ ವ್ಯಾಪಾರದ ನಕ್ಷೆಯೂ ಈ ಮೂರು ಊರುಗಳ ಸುತ್ತವೇ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟಲ್ಲಿಂದ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಸೀಸನ್. ಆಮೇಲೆ ಮಳೆ, ಮನೆ, ಗದ್ದೆ.

ಯಕ್ಷಗಾನದ ಚರಿತ್ರೆ ಬರೆದವರು ತುಂಬ ಜನ ಇದ್ದಾರೆ. ಭಾಗವತರ ಬಗ್ಗೆ, ವೇಷಧಾರಿಗಳ ಬಗ್ಗೆ, ಮೇಳದ ಯಜಮಾನರ ಬಗ್ಗೆ ಪುಸ್ತಕಗಳಿವೆ. ಆದರೆ ಆಟದ ಗದ್ದೆಯ ಅಂಚಿನಲ್ಲಿ ದೀಪ ಹಚ್ಚಿಕೊಂಡು ಕೂತವರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಅದಕ್ಕೇ ಇವತ್ತು ಮಾವನನ್ನು ಹಿಡಿದು ಕೂರಿಸಿ ಕೇಳಿದ್ದು, ನಾನೇ ನೋಡಿದ್ದು, ಓದಿದ್ದು ಎಲ್ಲ ಸೇರಿಸಿ ಬರೆಯೋಣ ಅಂತ.

ಮೊದಲು ಇದ್ದದ್ದು ಬಯಲಾಟ. ಕಟೀಲು, ಧರ್ಮಸ್ಥಳ ಮುಂತಾದ ದೇವಸ್ಥಾನಗಳ ಮೇಳಕ್ಕೆ ಯಾರೋ ಹರಕೆ ಹೇಳಿಕೊಳ್ಳುತ್ತಾರೆ. ಮಗು ಹುಟ್ಟಿದರೆ, ಕಾಯಿಲೆ ಗುಣವಾದರೆ, ಕೋರ್ಟು ಕೇಸು ಗೆದ್ದರೆ ಒಂದು ಆಟ. ಖರ್ಚು ಹರಕೆಯವರದು, ನೋಡುವವರಿಗೆ ಫ್ರೀ. ಕೊಯ್ಲು ಮುಗಿದ ಗದ್ದೆಯೇ ಮೈದಾನ. ಸಂಜೆ ಕೇಳಿ ಬಡಿದರೆ (ಚೆಂಡೆ ಮದ್ದಳೆ ನುಡಿಸಿ ಇವತ್ತು ಇಲ್ಲಿ ಆಟ ಉಂಟು ಅಂತ ಸಾರುವುದು) ಆ ಸದ್ದು ಮುಟ್ಟಿದಷ್ಟು ದೂರದ ಜನ ಹೊರಡುತ್ತಿದ್ದರು. ನನ್ನ ಅಜ್ಜ ಹೇಳುತ್ತಿದ್ದ ಪ್ರಕಾರ ಆಗ ಕೈಯಲ್ಲಿ ತೆಂಗಿನ ಗರಿಯ ಸೂಟೆ, ಹೆಗಲಲ್ಲಿ ಚಾಪೆ. ರಾತ್ರಿ ಹೊರಟವರು ಬೆಳಿಗ್ಗೆಯವರೆಗೆ ವಾಪಸ್ ಹೋಗುವ ಪ್ರಶ್ನೆಯೇ ಇಲ್ಲ. ಹೋಗುವುದಕ್ಕೆ ಬಸ್ಸೂ ಇಲ್ಲ, ಬೆಳಕೂ ಇಲ್ಲ.

ಗಮನಿಸಿ, ವ್ಯಾಪಾರ ಹುಟ್ಟಿದ್ದೇ ಇಲ್ಲಿ. ಸಾವಿರ ಜನ ಇಡೀ ರಾತ್ರಿ ಒಂದು ಗದ್ದೆಯಲ್ಲಿ ಸಿಕ್ಕಿಹಾಕಿಕೊಂಡರೆ ಅವರಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಮಕ್ಕಳು ಹಟ ಮಾಡುತ್ತವೆ. ಹಸಿವಿಗೆ ಚರುಮುರಿ, ಚಟ್ಟಂಬಡೆ, ಆಮ್ಲೆಟ್. ನಿದ್ದೆಗೆ ಚಾ. ಬಾಯಿಗೆ ಬೀಡ, ನೆಲಗಡಲೆ. ಮಕ್ಕಳ ಹಟಕ್ಕೆ ಬಲೂನು, ಪೀಪಿ. ಹೆಂಗಸರಿಗೆ ಬಳೆ, ರಿಬ್ಬನ್ನು. ಇನ್ನೂ ಸ್ವಲ್ಪ ಆಚೆ, ಬೆಳಕು ಮುಟ್ಟದ ಜಾಗದಲ್ಲಿ ಜುಗಾರಿ. (ಅದರ ಬಗ್ಗೆ ಮಾವ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.)

1950ರ ದಶಕದ ಹೊತ್ತಿಗೆ ಇದರ ಲೆಕ್ಕಾಚಾರವೇ ಬದಲಾಯಿತು. ಯಕ್ಷಗಾನ ಟೆಂಟಿನೊಳಗೆ ಬಂತು. ನಮ್ಮ ಬಂಟ್ವಾಳ ತಾಲೂಕಿನ ಇರಾ ಸೋಮನಾಥೇಶ್ವರ ಮೇಳ, ಕುಂಡಾವು ಮೇಳಗಳನ್ನು ನಡೆಸಿದ ಕಲ್ಲಾಡಿ ಕೊರಗ ಶೆಟ್ಟರ ಹೆಸರು ಆ ಕಾಲದಲ್ಲಿ ದೊಡ್ಡದು. ಅವರ ಮಗ ಕಲ್ಲಾಡಿ ವಿಠಲ ಶೆಟ್ಟರು ಕರ್ನಾಟಕ ಮೇಳ ನಡೆಸಿದರು. ಸುರತ್ಕಲ್ ಮೇಳ ಕಸ್ತೂರಿ ಪೈ ಸಹೋದರರದು. ಧರ್ಮಸ್ಥಳ ಮೇಳವೂ ಟೆಂಟ್ ಹಾಕಿಕೊಂಡು ಊರೂರು ತಿರುಗಿತು. ಈಗ ಟಿಕೆಟ್ ಬಂತು. ನೆಲಕ್ಕೆ ಒಂದು ರೇಟು, ಕುರ್ಚಿಗೆ ಒಂದು ರೇಟು, ಆರಾಮಾಸನಕ್ಕೆ ಇನ್ನೊಂದು. ಮಧ್ಯಾಹ್ನವೇ ಜೀಪಿನಲ್ಲಿ ಮೈಕು ಕಟ್ಟಿ "ಇಂದು ರಾತ್ರಿ..." ಅಂತ ಕೂಗುತ್ತಾ ಹೋಗುವುದು, ಬಣ್ಣದ ಕಾಗದದ ಹ್ಯಾಂಡ್‌ಬಿಲ್ ಎಸೆಯುವುದು, ಮಕ್ಕಳು ಅದರ ಹಿಂದೆ ಓಡುವುದು.

ದುಡ್ಡು ಕೊಟ್ಟು ಬರುವ ಪ್ರೇಕ್ಷಕ ಅಂದರೆ ಆಯ್ಕೆ ಮಾಡಿ ಬರುವವ. ಹಾಗಾಗಿ ಟೆಂಟಿನ ಜೊತೆ ಅಭಿಮಾನಿ ಅನ್ನುವವನೂ ಬಲವಾದ ಅಂತ ನನಗೆ ಅನಿಸುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಬಪ್ಪ ಬ್ಯಾರಿಯನ್ನು ನೋಡಲಿಕ್ಕೇ ಹೋಗುವವರು, ಕರ್ನಾಟಕ ಮೇಳದಲ್ಲಿ ದಾಮೋದರ ಮಂಡೆಚ್ಚರ ಪದ ಕೇಳಲಿಕ್ಕೇ ಹೋಗುವವರು. ಅದೇ ಮೇಳದಲ್ಲಿ ಬೆಳ್ತಂಗಡಿ ಕಡೆಯ ಅರುವ ಕೊರಗಪ್ಪ ಶೆಟ್ಟರು, ಮೂಡುಬಿದಿರೆ ಪಕ್ಕದ ಮಿಜಾರಿನ ಅಣ್ಣಪ್ಪನವರ ಹಾಸ್ಯ. ಕರ್ನಾಟಕ ಮೇಳದವರು ತುಳು ಪ್ರಸಂಗಗಳನ್ನು ಆಡಿ ಟೆಂಟು ತುಂಬಿಸಿದರು. "ಕಾಡಮಲ್ಲಿಗೆ" ಬರೆದ ಅನಂತರಾಮ ಬಂಗಾಡಿಯವರು ಬೆಳ್ತಂಗಡಿ ತಾಲೂಕಿನವರೇ. ಪುರಾಣ ಗೊತ್ತಿಲ್ಲದವರೂ, ಕನ್ನಡ ಅರ್ಥಗಾರಿಕೆ ತಲೆಗೆ ಹತ್ತದವರೂ ಬಂದರು. ಗಿರಾಕಿ ಹೆಚ್ಚಾದ.

ಆದರೆ ಟೆಂಟಿನ ಕಾಲದಲ್ಲಿ ಅಂಗಡಿಯವನಿಗೆ ಜಾಗ ಫ್ರೀ ಇಲ್ಲ. ಊರಿನ ಒಬ್ಬ ಕಂಟ್ರಾಕ್ಟುದಾರ ಮೇಳಕ್ಕೆ ಇಂತಿಷ್ಟು ಅಂತ ಕೊಟ್ಟು ಆಟ ವಹಿಸಿಕೊಳ್ಳುತ್ತಾನೆ. ಟಿಕೆಟ್ ದುಡ್ಡು ಅವನದು, ಲಾಭ ನಷ್ಟ ಅವನದು. ಟೆಂಟಿನ ಬಾಗಿಲ ಹತ್ತಿರ ಅಂಗಡಿ ಹಾಕಬೇಕಾದರೆ ಅವನಿಗೆ ನೆಲಬಾಡಿಗೆ. ಮಾವ ಈ ಧಂದೆಗೆ ಬಂದದ್ದು ಟೆಂಟಿನ ಕೊನೆಗಾಲಕ್ಕೆ. "ಬಾಗಿಲ ಹತ್ತಿರದ ಜಾಗಕ್ಕೆ ಜಗಳ ಆಗ್ತಿತ್ತು ಮಾರಾಯ. ಆದರೆ ಒಳ್ಳೆಯ ಜಾಗ ಅದಲ್ಲ" ಅಂದರು. (ಮಾತಾಡಿದ್ದು ತುಳುವಿನಲ್ಲಿ, ನಾನು ಕನ್ನಡ ಮಾಡುತ್ತಿದ್ದೇನೆ.)

"ಮತ್ತೆ ಯಾವುದು?"

"ಉಚ್ಚೆ ಹೊಯ್ಲಿಕ್ಕೆ ಹೋಗುವ ದಾರಿ! ಬಾಗಿಲಲ್ಲಿ ಒಂದು ಸಲ ಹೋಗ್ತಾನೆ, ಒಂದು ಸಲ ಬರ್ತಾನೆ. ಇಲ್ಲಿಯಾದರೆ ರಾತ್ರಿಯಲ್ಲಿ ನಾಲ್ಕು ಸಲ."

ಬಿಸಿನೆಸ್ ಸ್ಕೂಲಿನಲ್ಲಿ ಇದನ್ನು ಹೇಳಿಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ :)

ಇನ್ನೊಂದು ವಿಷಯ ನನಗೆ ಆಗ ಆಶ್ಚರ್ಯ ಅನಿಸುತ್ತಿತ್ತು. ಮಾವ ರಂಗಸ್ಥಳದ ಕಡೆ ಬೆನ್ನು ಹಾಕಿಯೇ ನಿಲ್ಲುವುದು. ಆದರೂ ಪ್ರಸಂಗ ಎಲ್ಲಿಗೆ ಬಂತು ಅಂತ ಚೆಂಡೆಯ ಪೆಟ್ಟಿನಲ್ಲೇ ಹೇಳುತ್ತಿದ್ದರು. ಯಾಕೆಂದರೆ ಅದು ಅವರ ಟೈಮ್‌ಟೇಬಲ್ಲು. ಉದಾಹರಣೆಗೆ ಕಟೀಲು ಮೇಳದ ಇಡೀ ರಾತ್ರಿಯ ದೇವಿ ಮಹಾತ್ಮೆ ತೆಗೆದುಕೊಳ್ಳಿ. ಚೌಕಿ ಪೂಜೆ ಮುಗಿದು ಪೂರ್ವರಂಗ ನಡೆಯುವಾಗ ಜನ ಇನ್ನೂ ಬರುತ್ತಿರುತ್ತಾರೆ, ಮಕ್ಕಳು ಎಚ್ಚರ ಇರುತ್ತವೆ, ಆಗ ಬಲೂನಿನವನ ಟೈಮು. ಮಧು ಕೈಟಭರ ವಧೆ ಆಗುವ ಹೊತ್ತಿಗೆ ಚರುಮುರಿ ಜೋರು. ಆಮೇಲೆ ಮಹಿಷಾಸುರ ಬರುವುದಕ್ಕಿಂತ ಮೊದಲು ಅಂಗಡಿ ಪೂರ್ತಿ ಖಾಲಿ. ಒಬ್ಬನೂ ಏಳುವುದಿಲ್ಲ. ದೊಂದಿ ಹಿಡಿದುಕೊಂಡು, ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುತ್ತಾ, ಸಭೆಯ ಹಿಂದಿನಿಂದ ಜನರ ನಡುವೆ ಕೋಣನ ಕೊಂಬಿನ ಮಹಿಷಾಸುರ ಅಬ್ಬರಿಸುತ್ತಾ ಬರುವಾಗ ಅಂಗಡಿಯವರೂ ದೀಪ ಸಣ್ಣ ಮಾಡಿ ಆ ಕಡೆ ತಿರುಗುತ್ತಿದ್ದರು. ಮಾವ ಅಷ್ಟು ವರ್ಷದಲ್ಲಿ ತಪ್ಪದೇ ನೋಡಿದ ಆಟ ಅಂದರೆ ಆ ಅರ್ಧ ಗಂಟೆ. ಮಹಿಷಾಸುರ ವಧೆ ಆದ ಕೂಡಲೇ ಇಡೀ ಗದ್ದೆ ಎದ್ದು ನಿಲ್ಲುತ್ತದೆ. ಅದು ಚಾದವನ ಟೈಮು. ಆಮೇಲೆ ಶುಂಭ ನಿಶುಂಭರು, ಚಂಡ ಮುಂಡರು, ಬೆಳಗಿನ ಜಾವಕ್ಕೆ ರಕ್ತಬೀಜ. ಮೂರು ಗಂಟೆಯಿಂದ ಐದರವರೆಗೆ ಅರ್ಧ ಜನ ಮಲಗಿರುತ್ತಾರೆ, ಎದ್ದವರು ಕುಡಿಯುವುದು ಚಾ ಮಾತ್ರ. ಮಂಗಳ ಹಾಡಿದ ಮೇಲೆ ಕೊನೆಯ ವ್ಯಾಪಾರ: ಮನೆಗೆ ಕಟ್ಟಿಸಿಕೊಂಡು ಹೋಗುವ ಕಡಲೆಯ ಪೊಟ್ಟಣ. ಆಟಕ್ಕೆ ಹೋದವರು ಮನೆಯಲ್ಲಿ ಉಳಿದವರಿಗೆ ಏನಾದರೂ ತರಬೇಕಲ್ಲ?

ಆಟದ ಗದ್ದೆಯಲ್ಲಿ ತಿಂಡಿಯಷ್ಟೇ ಮಾರಾಟಕ್ಕಿರಲಿಲ್ಲ. ಪ್ರಸಂಗ ಪುಸ್ತಕಗಳೂ ಇರುತ್ತಿದ್ದವು. ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್‌ನವರು ಅಚ್ಚು ಹಾಕಿಸಿದ ತೆಳ್ಳಗಿನ ಪುಸ್ತಕಗಳು ಹಳ್ಳಿ ಹಳ್ಳಿಯ ಭಾಗವತರ ಚೀಲದಲ್ಲಿದ್ದವು. ನನ್ನ ಅಜ್ಜ ಓದಿದ್ದು ಕಡಿಮೆ, ಆದರೆ ಪ್ರಸಂಗ ಪುಸ್ತಕ ಹಿಡಿದು ಪದ ಹೇಳಿಕೊಂಡು ಕನ್ನಡ ಓದಲು ಕಲಿತವರು. ಆಮೇಲೆ ಕ್ಯಾಸೆಟ್ ಬಂತು. ತಾಳಮದ್ದಳೆಯ ಕ್ಯಾಸೆಟ್ಟುಗಳು, ಹಾಸ್ಯದ ಕ್ಯಾಸೆಟ್ಟುಗಳು. ನಾನು ಅಂಗಡಿಯಲ್ಲಿ ನೀರುಳ್ಳಿ ಕೊಚ್ಚುವ ಕಾಲಕ್ಕೆ ವಿಸಿಡಿ. ಈಗ ಅವೆಲ್ಲ ಯೂಟ್ಯೂಬಿನಲ್ಲಿ, ಪ್ರಸಂಗಗಳು ಪಿಡಿಎಫ್ ಆಗಿ ಫೋನಿನಲ್ಲಿ. ಸಾಫ್ಟ್‌ವೇರಿನವನಾಗಿ ನನಗೆ ಖುಷಿಯೇ. ಹಳೆಯ ಪುಸ್ತಕ ಗೆದ್ದಲು ಹಿಡಿಯುವುದು ತಪ್ಪಿತು. ಆದರೆ ಅದನ್ನು ಮಾರುತ್ತಾ ಪ್ರತಿ ಗಿರಾಕಿಯ ಹತ್ತಿರ "ಕರ್ಣಪರ್ವದಲ್ಲಿ ಯಾರ ಶಲ್ಯ ಒಳ್ಳೆಯದು?" ಅಂತ ಚರ್ಚೆ ಮಾಡುತ್ತಿದ್ದವರ ಜಾಗವನ್ನು ಯಾವ ಆ್ಯಪೂ ತುಂಬಿಲ್ಲ.

ಪುಸ್ತಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನೇ ಸ್ವತಃ ಸ್ಟಾಲಿನಲ್ಲಿ ನಿಂತದ್ದು ಮೂಡುಬಿದಿರೆಯಲ್ಲಿ. 2003ರಲ್ಲಿ ಅಲ್ಲಿ 71ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಕಮಲಾ ಹಂಪನಾ ಅಧ್ಯಕ್ಷರು. ಮರುವರ್ಷ, 2004ರಿಂದ ಡಾ. ಮೋಹನ ಆಳ್ವರು ಆಳ್ವಾಸ್ ನುಡಿಸಿರಿ ಶುರು ಮಾಡಿದರು. 2013ರ ಡಿಸೆಂಬರಿನಲ್ಲಿ ಅದು ವಿಶ್ವ ನುಡಿಸಿರಿ ವಿರಾಸತ್ ಆಗಿ ಭಾರೀ ದೊಡ್ಡದಾಗಿ ನಡೆದಾಗ ನಾನು ಕಾಲೇಜು ಹುಡುಗ. ಪರಿಚಯದವರೊಬ್ಬರ ಪುಸ್ತಕದ ಮಳಿಗೆಗೆ ಜನ ಬೇಕಿತ್ತು, ಹೋದೆ. ಮಾವನ ಪಾಠ ಅಲ್ಲೂ ಕೆಲಸಕ್ಕೆ ಬಂತು. ಗೋಷ್ಠಿ ನಡೆಯುವಾಗ ಮಳಿಗೆ ಖಾಲಿ, ಗೋಷ್ಠಿ ಮುಗಿದ ಹತ್ತು ನಿಮಿಷ ನುಕ್ಕುನುಗ್ಗಲು. ವೇದಿಕೆಯಲ್ಲಿ ಯಾವ ಲೇಖಕ ಚೆನ್ನಾಗಿ ಮಾತಾಡಿದರೋ ಅವರ ಪುಸ್ತಕ ಆ ಹತ್ತು ನಿಮಿಷದಲ್ಲೇ ಖಾಲಿಯಾಗಬೇಕು, ಇಲ್ಲದಿದ್ದರೆ ಇಲ್ಲ. ನಾನು ಆ ಭಾಷಣಗಳಲ್ಲಿ ಒಂದನ್ನೂ ಕೇಳಲಿಲ್ಲ. ಆದರೆ ಯಾವುದು ಗೆದ್ದಿತು ಅಂತ ಗಲ್ಲಾಪೆಟ್ಟಿಗೆ ನೋಡಿ ಹೇಳುತ್ತಿದ್ದೆ!

ಆಟ ಒಂದರಿಂದಲೇ ಯಾವ ಅಂಗಡಿಯವನ ಹೊಟ್ಟೆಯೂ ತುಂಬುವುದಿಲ್ಲ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ. ಅಲ್ಲಿನ ಸರ್ವಧರ್ಮ ಸಮ್ಮೇಳನ, ಸಾಹಿತ್ಯ ಸಮ್ಮೇಳನಗಳು 1930ರ ದಶಕದಿಂದ ನಡೆದು ಬಂದವು; ಜೊತೆಗೆ ವಸ್ತುಪ್ರದರ್ಶನ, ಅಂಗಡಿ ಸಾಲು. ಚಳಿಗಾಲಕ್ಕೆ ಮೂಡುಬಿದಿರೆ, ವೇಣೂರು, ಹೊಕ್ಕಾಡಿಗೋಳಿಯ ಕಂಬಳಗಳು. 2016ರ ಕೊನೆಗೆ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಾಗ ಕೋಣದ ಯಜಮಾನರು ಬೀದಿಗಿಳಿದದ್ದು ಪೇಪರಿನಲ್ಲಿ ಬಂತು. ಕಬ್ಬಿನ ಹಾಲಿನವನ ಸೀಸನ್ ಹೋದದ್ದು ಬರಲಿಲ್ಲ. 2017ರಲ್ಲಿ ಸುಗ್ರೀವಾಜ್ಞೆ ಬಂದು ಮತ್ತೆ ಕಂಬಳ ಶುರುವಾಯಿತು, 2023ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು.

ಮಾರ್ಚ್ ಮಧ್ಯಕ್ಕೆ ನಮ್ಮ ಬಂಟ್ವಾಳದ ಪೊಳಲಿ ರಾಜರಾಜೇಶ್ವರಿಯ ಜಾತ್ರೆ. ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತದೆ, ಕೊನೆಯಲ್ಲಿ ಐದು ದಿನದ ಚೆಂಡು. ಆ ಚರ್ಮದ ಚೆಂಡನ್ನು ಹೊಲಿಯುವುದು ಮೂಡುಬಿದಿರೆಯ ಒಂದು ಕುಟುಂಬ. ಜಾತ್ರೆ ಎಷ್ಟು ದಿನ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಕೊಡಿ ಏರಿದ ಮೇಲೆಯೇ ದಿನ ನಿಗದಿಯಾಗುವುದು. ಕಲ್ಲಂಗಡಿಯವರಿಗೆ ಇದು ಸಣ್ಣ ವಿಷಯ ಅಲ್ಲ. ಪೊಳಲಿಗೆ ಹೋದವರು ಬಚ್ಚಂಗಾಯಿ (ಕಲ್ಲಂಗಡಿ) ಹೊತ್ತುಕೊಂಡೇ ಮನೆಗೆ ಬರಬೇಕು ಅನ್ನುವುದು ಇಲ್ಲಿನ ರೂಢಿ. ಒಂದು ದಿನ ಹೆಚ್ಚು ಕಡಿಮೆಯಾದರೆ ಲೋಡಿನ ಲೆಕ್ಕ ತಪ್ಪುತ್ತದೆ. 2020ರಲ್ಲಂತೂ ಜಾತ್ರೆಯ ನಡುವೆಯೇ ಲಾಕ್‌ಡೌನ್. ಮೇಳಗಳೂ ಪತ್ತನಾಜೆಗೆ ಎರಡು ತಿಂಗಳು ಮೊದಲೇ ಗೆಜ್ಜೆ ಬಿಚ್ಚಿದವು. ಮಾವ ಆ ವರ್ಷ 2 ಮೂಟೆ ಚರುಮುರಿಯನ್ನು ನೆರೆಮನೆಗಳಿಗೆ ಹಂಚಿದರು.

ಆದರೆ ನಿಜವಾದ ಬದಲಾವಣೆ ಕಾಯಿಲೆಯಿಂದ ಬಂದದ್ದಲ್ಲ. ಟಿವಿ ಬಂದು, ಖರ್ಚು ಏರಿ ಟೆಂಟ್ ಮೇಳಗಳು ಒಂದೊಂದಾಗಿ ನಿಂತವು. ಮತ್ತೆ ಹರಕೆಯ ಬಯಲಾಟವೇ ಉಳಿಯಿತು, ಅದೂ ಮೊದಲಿಗಿಂತ ಜೋರಾಗಿ. ಕಟೀಲಿನ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಗಡ ಬುಕ್ಕಿಂಗ್. ಆಟ ಹೆಚ್ಚಾಯಿತು ಅಂದರೆ ವ್ಯಾಪಾರ ಹೆಚ್ಚಾಗಬೇಕಿತ್ತಲ್ಲ? ಆಗಲಿಲ್ಲ. ಹರಕೆಯವರು ಬಂದವರಿಗೆಲ್ಲ ಊಟ ಹಾಕಲು ಶುರು ಮಾಡಿದರು. ಹೊಟ್ಟೆ ತುಂಬಿದವನಿಗೆ ಚರುಮುರಿ ಯಾಕೆ? ಮನೆ ಮನೆಗೆ ಬೈಕು ಬಂತು; ಮಹಿಷಾಸುರನನ್ನು ನೋಡಿ ಎರಡು ಗಂಟೆಗೆ ಮನೆ ಸೇರಬಹುದು. ಉಳಿದದ್ದಕ್ಕೆ ಫೋನಿನಲ್ಲಿ ಲೈವ್.

ಆಮೇಲೆ ಕಾಲಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕುವ ನಿಯಮ 2000ದಲ್ಲೇ ಬಂದಿತ್ತು. ಧರ್ಮಸ್ಥಳ ಮೇಳ ಮೊದಲೇ ಕಾಲಮಿತಿಗೆ ಹೊಂದಿಕೊಂಡಿತ್ತು. 2022ರಲ್ಲಿ ಕಟೀಲು ಮೇಳಗಳ ಆಟವನ್ನೂ ಸಂಜೆಯಿಂದ ರಾತ್ರಿ 10:30ರೊಳಗೆ ಮುಗಿಸುವುದು ಅಂತಾದಾಗ ಭಕ್ತರಲ್ಲಿ ದೊಡ್ಡ ಚರ್ಚೆ, ಪಾದಯಾತ್ರೆ ಎಲ್ಲ ಆಯಿತು. ಕಾಲಮಿತಿ ಬೇಕು ಅನ್ನುವವರ ಮಾತಿನಲ್ಲೂ ನ್ಯಾಯ ಇದೆ. ಕಲಾವಿದ ಆರು ತಿಂಗಳು ರಾತ್ರಿಯಿಡೀ ನಿದ್ದೆ ಕೆಟ್ಟರೆ ಅವನ ದೇಹ ಏನಾಗಬೇಕು? ಮಾರನೆ ದಿನ ಆಫೀಸಿಗೆ ಹೋಗುವ ನನ್ನಂಥವನೂ ಪೂರ್ತಿ ಆಟ ನೋಡಬಹುದು. ಕಲಾವಿದರ ಕಷ್ಟ, ಭಕ್ತರ ಭಾವನೆ, ಕಾನೂನು ಎಲ್ಲದರ ಬಗ್ಗೆ ಮಾತು ನಡೆಯಿತು. ಮೂರು ಗಂಟೆಯ ಚಾದವನ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ. ಬೇಡಿಕೆ ಇಡಲು ಅವನಿಗೆ ಸಂಘವೂ ಇಲ್ಲ.

ಅದೇ 2022ರ ಮಾರ್ಚಿನಲ್ಲಿ ಇನ್ನೊಂದು ಘಟನೆ. ಕಾಪುವಿನ ಮಾರಿಗುಡಿಯಲ್ಲಿ ಅಂಗಡಿ ಜಾಗದ ಏಲಂ ಹಿಂದೂಗಳಿಗೆ ಮಾತ್ರ ಅಂತಾಯಿತು. ಬಪ್ಪನಾಡಿನಲ್ಲೂ, ಕರಾವಳಿಯ ಬೇರೆ ಜಾತ್ರೆಗಳಲ್ಲೂ ಅಂಥದೇ ಬ್ಯಾನರುಗಳು ಬಂದವು. ದೇವಸ್ಥಾನದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಅನ್ನುವ 2002ರ ಮುಜರಾಯಿ ನಿಯಮವನ್ನು ಸರ್ಕಾರ ವಿಧಾನಸಭೆಯಲ್ಲಿ ಉಲ್ಲೇಖಿಸಿತು. ಬಪ್ಪನಾಡು ಅನ್ನುವ ಹೆಸರೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯದು ಅಂತ ಸ್ಥಳಪುರಾಣ ಹೇಳುತ್ತದೆ. ಅವನ ದೋಣಿ ನಿಂತಲ್ಲೇ ದೇವಿ ನೆಲೆಸಿದ್ದು. ಅದೇ ಪಾತ್ರಕ್ಕೆ ಶೇಣಿಯವರು ಬಂದರೆ ಟೆಂಟು ತುಂಬುತ್ತಿದ್ದದ್ದು. ನಾನು ಇಲ್ಲಿ ವಾದ ಮಾಡಲು ಕೂತಿಲ್ಲ. ನೋಡಿದ್ದನ್ನು ಮಾತ್ರ ಹೇಳುತ್ತೇನೆ. ಮಾವನ ಮೇಜಿನ ಪಕ್ಕ ಎಷ್ಟೋ ವರ್ಷದಿಂದ ಆಟಿಕೆ ಹಾಕುತ್ತಿದ್ದ ಕಾಕ ಒಬ್ಬರಿದ್ದರು. ಮಾವನ ಗ್ಯಾಸ್‌ಲೈಟು ಕೆಟ್ಟರೆ ಅವರದು, ಅವರ ಚಿಲ್ಲರೆ ಮುಗಿದರೆ ಮಾವನದು. ನಾನು ನಿದ್ದೆ ತೂಗಿದಾಗ ಅವರ ಖಾಲಿ ಗೋಣಿಯ ಮೇಲೆಯೇ ಮಲಗುತ್ತಿದ್ದೆ. ಆ ವರ್ಷದ ಒಂದು ಜಾತ್ರೆಗೆ ಅವರು ಬರಲಿಲ್ಲ. ಆಮೇಲೆ ಗದ್ದೆಯ ಆಟಕ್ಕೂ ಬರುವುದನ್ನು ಕಡಿಮೆ ಮಾಡಿದರು. "ಯಾರೂ ಬೇಡ ಹೇಳಲಿಲ್ಲ. ಆದರೂ ಕೇಳಿಸಿಕೊಳ್ಳುವ ಮೊದಲೇ ನಿಲ್ಲಿಸುವುದು ಒಳ್ಳೆಯದಲ್ವಾ" ಅಂದರಂತೆ ಮಾವನ ಹತ್ತಿರ. ಮಾವ ಈಗಲೂ ಮೇಜು ಹಾಕುವಾಗ ಎಡಗಡೆ ಒಂದು ಚಾಪೆಯಷ್ಟು ಜಾಗ ಬಿಡುತ್ತಾರೆ. ನಾನು ಕೇಳಿದ್ದಕ್ಕೆ "ಅಭ್ಯಾಸ" ಅಂದರು, ಅಷ್ಟೇ.

ಮೊನ್ನೆ ಊರಿಗೆ ಹೋಗಿದ್ದಾಗ ಹತ್ತಿರದಲ್ಲೇ ಆಟ ಇತ್ತು. ದೇವಿ ಮಹಾತ್ಮೆಯೇ. ಹೋದರೆ ಮಾವ ಮೇಜಿನ ಹಿಂದೆ. "ಎಂತ ಇಂಜಿನಿಯರ್ರೇ, ನೀರುಳ್ಳಿ ಕೊಚ್ಚಲಿಕ್ಕೆ ನೆನಪುಂಟಾ, ಕಂಪ್ಯೂಟರಿನಲ್ಲಿ ಮರೆತು ಹೋಯ್ತಾ?" ಚೂರಿ ತೆಗೆದುಕೊಂಡೆ. ತುರಿದ ಕ್ಯಾರೆಟ್ಟು, ಮಾವಿನಕಾಯಿ, ಮೆಣಸಿನ ಪುಡಿ, ಲಿಂಬೆ, ಮೇಲಿನಿಂದ ತೆಂಗಿನೆಣ್ಣೆ... ಆ ಪರಿಮಳ ಮೂಗಿಗೆ ಬಡಿದದ್ದೇ ನಾನು ಮತ್ತೆ ಹೈಸ್ಕೂಲು ಹುಡುಗ. ಆ ದಿನ ಮಾವನಿಗೆ ಹರಕೆಯವರದೇ ಕಂಟ್ರಾಕ್ಟು. ಇಂತಿಷ್ಟು ಅಂತ ಒಟ್ಟಿಗೆ ಕೊಡುತ್ತಾರೆ, ಬಂದವರಿಗೆಲ್ಲ ಚರುಮುರಿ ಫ್ರೀ. ಈಗ ಹೆಚ್ಚಿನ ಸೀಸನ್ ಹೀಗೆಯೇ ಅಂತೆ. ದುಡ್ಡಿಗೇನೂ ಮೋಸ ಇಲ್ಲ, ನಷ್ಟದ ಹೆದರಿಕೆಯೂ ಇಲ್ಲ.

ಹತ್ತೂವರೆಗೆ ಮಂಗಳ. ಹನ್ನೊಂದಕ್ಕೆ ಗದ್ದೆ ಖಾಲಿ. ಮೇಜು ಮಡಚುತ್ತಾ ನಾನು, "ಈಗ ಆರಾಮಲ್ವಾ ಮಾಮ? ಜಾಗರಣೆ ಇಲ್ಲ, ಕೈಯಲ್ಲಿ ಖಾತ್ರಿ ದುಡ್ಡು" ಅಂದೆ.

ಮಾವ ಡಬ್ಬದ ಮುಚ್ಚಳ ಹಾಕುತ್ತಾ ಹೇಳಿದರು, "ಆರಾಮ ಹೌದು. ಆದರೆ ಫ್ರೀಯಾಗಿ ತಿನ್ನುವವ ಖಾರ ಸಾಕಾ ಬೇಕಾ ಹೇಳುವುದಿಲ್ಲ ಮಾರಾಯ. ಪೊಟ್ಟಣ ತೆಗೆದುಕೊಂಡು ಹೋಗ್ತಾನೆ. ಹಣ ಕೊಟ್ಟವ ಬೈತಿದ್ದ, ಇನ್ನೊಂದು ಸಲ ಬರ್ತಿದ್ದ. ಇವತ್ತು ಯಾರು ಬಂದರು ಅಂತ ನನಗೆ ಗೊತ್ತೇ ಆಗಲಿಲ್ಲ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮಹಿಷಾಸುರ ಮಾತ್ರ ಇವತ್ತು ಒಳ್ಳೆದಿತ್ತು" ಅಂದರು.

ಬೆಂಗಳೂರಿಗೆ ಬಂದ ಮೇಲೆ ಪಕ್ಕದ ಸೀಟಿನ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಮುಂದಿನ ಸಲ ಸ್ಟಾಲ್ ಹಾಕುವಾಗ ಬಾಗಿಲ ಹತ್ತಿರ ಜಾಗ ಹಿಡಿಯಬೇಡ, ಟಾಯ್ಲೆಟ್ಟಿನ ದಾರಿಯಲ್ಲಿ ಹಿಡಿ ಅಂತಲೂ ಹೇಳಿದ್ದೇನೆ :)

ನಿಮ್ಮೂರಿನ ಆಟಕ್ಕೋ, ಜಾತ್ರೆಗೋ ಹೋದಾಗ ಒಂದು ಸಲ ರಂಗಸ್ಥಳಕ್ಕೆ ಬೆನ್ನು ಹಾಕಿ ತಿರುಗಿ ನೋಡಿ. ಅಂಚಿನಲ್ಲಿ ದೀಪ ಹಚ್ಚಿಕೊಂಡು ಒಬ್ಬರು ಕೂತಿರುತ್ತಾರೆ. ಸಾಧ್ಯವಾದರೆ ದುಡ್ಡು ಕೊಟ್ಟು ಒಂದು ಪೊಟ್ಟಣ ತೆಗೆದುಕೊಳ್ಳಿ. ಖಾರ ಹೆಚ್ಚಾಯಿತು ಅಂತ ಬೈಯಲು ಮರೆಯಬೇಡಿ.